ಸಿಹಿಬೀಗ

ನಾಲಿಗೆಗೆ ಬೀಗ ಜಡಿಯುವ ಕಾಲವೂ ಬರುತ್ತದೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ ದಾವಣಗೆರೆಯ ಜನ ನಕ್ಕು, ಇನ್ನೊಂದು ಪ್ಲೇಟು ಮಿರ್ಚಿ ತರಿಸಿಕೊಂಡು ಸುಮ್ಮನಾಗುತ್ತಿದ್ದರು. ಆದರೆ ಬಂತು. ಗೋಧಿ ಕಾಳಿನಷ್ಟು ಗಾತ್ರದ ಒಂದು ಉಪಕರಣ. ನಾಲಿಗೆಯ ಬುಡದಲ್ಲಿ, ರುಚಿಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರದ ಪಕ್ಕಕ್ಕೆ ಅದನ್ನು ಕೂರಿಸಿದರೆ ಸಿಹಿಯ ಸುದ್ದಿ ಅಲ್ಲೇ ತಡೆದು ನಿಲ್ಲುತ್ತಿತ್ತು. ಉಪ್ಪು, ಹುಳಿ, ಖಾರ, ಕಹಿ ಎಲ್ಲ ಎಂದಿನಂತೆ. ಸಿಹಿ ಮಾತ್ರ ಇಲ್ಲ. ಜಾಮೂನು ಬಾಯಿಗಿಟ್ಟರೆ ಒದ್ದೆ ಹತ್ತಿ ಅಗಿದ ಹಾಗೆ. ಆರೋಗ್ಯ ಯೋಜನೆಯವರು ಅದಕ್ಕೆ ಇಟ್ಟ ಹೆಸರು ಮಾರುದ್ದ ಇತ್ತು, ಜನ ಕರೆದದ್ದು ಸಿಹಿಬೀಗ ಎಂದು.

ಯಾರಿಗೆ ಬೀಗ, ಯಾರಿಗಿಲ್ಲ ಎನ್ನುವುದನ್ನು ಒಂದು ಅಂಕ ತೀರ್ಮಾನಿಸುತ್ತಿತ್ತು. ಮೂವತ್ತು ದಾಟಿದ ಪ್ರತಿಯೊಬ್ಬರ ತೋಳಿಗೂ ಒಂದು ಬಿಲ್ಲೆ ಅಂಟಿಸಿದ್ದರು. ಅದು ಮೈಯೊಳಗಿನ ಸಕ್ಕರೆಯ ಏರಿಳಿತವನ್ನು ಹಗಲೂ ರಾತ್ರಿ ಅಳೆಯುತ್ತಿತ್ತು. ಅದಕ್ಕೆ ಸೊಂಟದ ಸುತ್ತಳತೆ, ನಿದ್ದೆ, ಓಡಾಟ, ಅಪ್ಪ ಅಮ್ಮನಿಗೆ ಕಾಯಿಲೆ ಇತ್ತೋ ಇಲ್ಲವೋ ಎಲ್ಲ ಕೂಡಿಸಿ, ಇನ್ನೈದು ವರ್ಷದಲ್ಲಿ ಈ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ನೂರಕ್ಕೆ ಇಷ್ಟು ಎಂದು ಹೇಳುತ್ತಿತ್ತು. ಅರವತ್ತು ದಾಟಿದರೆ ಬೀಗ. ಕಾಯಿಲೆ ಬಂದೇಬಿಟ್ಟವರನ್ನಂತೂ ಕೇಳುವ ಹಾಗೇ ಇರಲಿಲ್ಲ.

ಸಂಕ್ರಾಂತಿ ಕಳೆದ ವಾರ ವಿಶಾಲಾಕ್ಷಿಯ ತೋಳಿನ ಬಿಲ್ಲೆ ಗುಂಯ್ ಅಂದಿತು. ಅರವತ್ತನಾಲ್ಕು. ಹೋಳಿ ಹುಣ್ಣಿಮೆಯ ಮರುದಿನ ಬೀಗಕ್ಕೆ ಹಾಜರಾಗಬೇಕು.

ತಮಾಷೆ ನೋಡಿ, ಊರಿನ ಬೀಗಗಳನ್ನೆಲ್ಲ ಕಾಯುತ್ತಿದ್ದವಳು ಅವಳೇ. ಬೀಗಕ್ಕೆ ತನ್ನದೇ ಶಕ್ತಿ ಇರಲಿಲ್ಲ. ದಿನಾ ಬೆಳಗ್ಗೆ ನಿಯಂತ್ರಣ ಕೇಂದ್ರದಿಂದ ಸಂಕೇತ ಹೋದರೆ ಮಾತ್ರ ಅದು ಆ ದಿನದ ಮಟ್ಟಿಗೆ ಎಚ್ಚರವಾಗಿರುತ್ತಿತ್ತು. ಆ ಸಂಕೇತ ಕಳಿಸುವುದು, ಆಮೇಲೆ ಗೋಡೆಯಗಲದ ಪರದೆಯ ಮೇಲೆ ಊರಿನವರ ಸಕ್ಕರೆಯ ಗೆರೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಸಂಜೆಯವರೆಗೆ ಕೂತಿರುವುದು, ಇದು ವಿಶಾಲಾಕ್ಷಿಯ ಕೆಲಸ. ಬೀಗ ಬಂದಾಗಿನಿಂದ, ಒಂದು ವರ್ಷ, ಅಲ್ಲೇ ಕೂತಿದ್ದಳು. ಹೆಸರಿಗೆ ವಿಶಾಲವಾದ ಕಣ್ಣಿನವಳು, ಆದರೆ ಕೇಂದ್ರದಲ್ಲಿ ಅವಳು ಹೆಸರಾಗಿದ್ದು ಬಾಯಿಗೆ.

"ಎರಡು ನಿಮಿಷದ ಕೆಲಸ ರೀ. ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೆ," ಎಂದರು ಕೇಂದ್ರದ ಮುಖ್ಯಸ್ಥ ಡಾಕ್ಟರ್ ನಿರಂಜನಮೂರ್ತಿ. ಕೆಟ್ಟ ಮನುಷ್ಯನಲ್ಲ. ತಾನು ಹಾಕಿಸಿದ ಬೀಗದಿಂದ ಊರು ಉದ್ಧಾರವಾಗುತ್ತದೆ ಎಂದು ಮನಸಾರೆ ನಂಬಿದವರು. ಅಂಥವರ ಜೊತೆ ಜಗಳ ಆಡುವುದು ಕಷ್ಟ.

"ನಿಮ್ಮ ಅಂಕ ಎಷ್ಟು ಸಾರ್?"

"ಮೂವತ್ತೆಂಟು."

"ಅದಕ್ಕೇ ನಿಮಗೆ ಅದು ಇರುವೆ. ದಿನಾಂಕದೊಳಗೆ ಅಂಕ ಗೆರೆಯ ಕೆಳಗಿಳಿದ್ರೆ ಬೀಗ ಹಾಕಂಗಿಲ್ಲ ಅಂತ ನಿಯಮದಾಗೆ ಐತಲ್ಲ?"

"ಇದೆ. ಆದರೆ ಇದುವರೆಗೆ ಇಳಿಸಿಕೊಂಡವರು ಒಬ್ಬರೂ ಇಲ್ಲ."

"ಇಳಿಸ್ಕೋಬಹುದು ಅಂತ ಹೇಳಿದವರು ಯಾರಾದ್ರೂ ಇದ್ರೇನು?" ಎಂದು ಕೇಳಿದಳು ವಿಶಾಲಾಕ್ಷಿ. ಡಾಕ್ಟರು ಕನ್ನಡಕ ಒರೆಸಿಕೊಂಡರು.

ಅವಳಿಗೆ ಅಷ್ಟು ಹಟ ಯಾಕೆ ಎಂದು ನೀವು ಕೇಳಬಹುದು. ಕಾರಣ ಅವಳ ಅತ್ತೆ ಹಾಲಮ್ಮ. ಹಾಲಮ್ಮನಿಗೆ ಸಕ್ಕರೆ ಕಾಯಿಲೆ ಹಳೆಯದು. ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು, ಬೀಗ ಬಂದ ಮೊದಲ ತಿಂಗಳೇ ಅವಳ ಬಾಯಿಗೆ ಬಿದ್ದಿತ್ತು. ಹೋದ ಯುಗಾದಿಯ ದಿನ ದೇವರ ಮುಂದೆ ಬೇವು ಬೆಲ್ಲ ಕೈಗೆ ಹಾಕಿದಾಗ, ಬಾಯಿಗಿಟ್ಟುಕೊಂಡವಳೇ ಸೊಸೆಯ ಮುಖ ನೋಡಿ, "ಯಾಕವ್ವ ವಿಶಾಲಿ, ಬೆಲ್ಲ ಹಾಕೋದು ಮರೆತೀಯೇನು?" ಎಂದಿದ್ದಳು. ಬಟ್ಟಲಲ್ಲಿ ಬೇವಿಗಿಂತ ಬೆಲ್ಲವೇ ಹೆಚ್ಚಿತ್ತು. ವಿಶಾಲಾಕ್ಷಿ ಹಾಗೆಂದು ಹೇಳಲಿಲ್ಲ. ಮುದುಕಿಗೇ ಬೀಗದ ನೆನಪಾಯಿತು. ಉಗುಳಲಿಲ್ಲ, ಅಳಲೂ ಇಲ್ಲ. ಬೇವನ್ನೇ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹಬ್ಬದೂಟಕ್ಕೆ ಏಳಲಿಲ್ಲ. ಆ ದಿನ ವಿಶಾಲಾಕ್ಷಿಗೆ ಬಂದ ಸಿಟ್ಟು ಇನ್ನೂ ಆರಿರಲಿಲ್ಲ.

ಸಿಟ್ಟಿನಡಿಯಲ್ಲಿ ಭಯವೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಅವಳ ತಾಯಿ ಇದೇ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟು ಸತ್ತವಳು. ಡಯಾಲಿಸಿಸ್ ಸೂಜಿಗಳಿಂದ ಹಸಿರುಗಟ್ಟಿದ ಅವಳ ಕೈ ಹಿಡಿದು ಕೂತಿದ್ದ ಮಗಳಿಗೆ ಕಾಯಿಲೆಯೇ ಸುಳ್ಳು ಎನ್ನುವ ಹುಂಬತನ ಇರಲಿಲ್ಲ. ಕಾಯಿಲೆ ನಿಜ. ಅಂಕವೂ ನಿಜ ಇದ್ದೀತು. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರ ಸಾಲಿನಲ್ಲಿ ನಿಲ್ಲಲು ಅವಳು ತಯಾರಿರಲಿಲ್ಲ.

ಇನ್ನೊಂದು ಸಂಗತಿ ಅವಳನ್ನು ಕಾಡುತ್ತಿತ್ತು. ಬೀಗ ಬಿದ್ದವರ ಅಂಕ ಇಳಿಯುತ್ತಲೇ ಇರಲಿಲ್ಲ! ದಿನಾ ಸಂಜೆ ಐದರ ಸುಮಾರಿಗೆ ಪರದೆಯ ಮೇಲೆ ಇಡೀ ಊರಿನ ಗೆರೆ ಗೂನು ಬೆನ್ನಿನಂತೆ ಮೇಲೇಳುತ್ತಿತ್ತು. ಬೀಗವಿದ್ದವರದು ಇನ್ನೂ ಎತ್ತರ.

"ಕಳ್ಳ ಮಿಠಾಯಿ," ಎಂದರು ನಿರಂಜನಮೂರ್ತಿ. "ಬೀಗ ಕೆಲಸ ಮಾಡ್ತಿಲ್ಲ, ಅಥವಾ ಮುರಿಸಿಕೊಳ್ತಿದ್ದಾರೆ. ಎರಡನೇ ಬೀಗ ತಯಾರಾಗ್ತಿದೆ, ಖಾರಕ್ಕೂ ಎಣ್ಣೆಯ ರುಚಿಗೂ ಸೇರಿಸಿ. ಜನ ಮಕ್ಕಳಿದ್ದ ಹಾಗೆ ವಿಶಾಲಾಕ್ಷಿಯವರೇ. ಬಾಯಿ ಕಟ್ಟದೆ ಕೇಳೋದಿಲ್ಲ."

ಖಾರಕ್ಕೂ ಬೀಗ ಎಂದರೆ ದಾವಣಗೆರೆಗೆ ಬೆಂಕಿ ಇಟ್ಟ ಹಾಗೆ. ವಿಶಾಲಾಕ್ಷಿ ಹಲ್ಲು ಕಚ್ಚಿಕೊಂಡು ಗೂನನ್ನೇ ನೋಡುತ್ತ ಕೂತಳು. ಕಾರಣ ಸಿಕ್ಕಿದ್ದು ಪರದೆಯಲ್ಲಲ್ಲ, ಮನೆಯಲ್ಲಿ. ಅವಳ ಗಂಡ ಕೊಟ್ರೇಶನದು ಮಂಡಕ್ಕಿ ಅಂಗಡಿ. ಮನೆಯ ಮುಂಭಾಗವೇ ಅಂಗಡಿ, ಹಿಂದೆ ಸಂಸಾರ. ಒಂದು ದಿನ ಅವಳು ತಲೆನೋವೆಂದು ಬೇಗ ಮನೆಗೆ ಬಂದರೆ, ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಬೆಂಚಿನ ತುಂಬ ಬೀಗದವರೇ. ಒಳಗೆ ಹಾಲಮ್ಮ ಮೊರದ ತುಂಬ ಒಗ್ಗರಣೆ ಮಂಡಕ್ಕಿ ಇಟ್ಟುಕೊಂಡು ಕೂತಿದ್ದಳು.

ವಿಶಾಲಾಕ್ಷಿ ಅತ್ತೆಯ ಬಿಲ್ಲೆಗೆ ತನ್ನ ಫೋನು ಹಿಡಿದು ನೋಡಿದಳು. ಸಕ್ಕರೆ ಏಣಿ ಹತ್ತುತ್ತಿತ್ತು. "ಅತ್ತೆ, ಏನು ತಿಂದ್ರಿ?"

"ಏನೂ ತಿಂದಿಲ್ಲವ್ವ. ಮಧ್ಯಾಹ್ನದ ಮ್ಯಾಲೆ ಹಲ್ಲಿಗೆ ಏನೂ ತಾಗಿಲ್ಲ," ಎಂದಳು ಹಾಲಮ್ಮ, ಕರಕರ ಅಗಿಯುತ್ತಲೇ.

"ಕೈಯಾಗಿರೋದು ಏನದು?"

"ಮಂಡಕ್ಕಿ. ಮಂಡಕ್ಕಿ ತಿಂದ್ರೆ ಅದು ತಿಂದಂಗೇನು? ಬಾಯಾಡಿಸೋದಪ್ಪ. ಸಿಹಿ ಅಂತೂ ಇಲ್ಲ, ಇದನ್ನಾದ್ರೂ ತಿನ್ನಲಿ ಅಂತ ನಿನ್ ಗಂಡ ಎರಡು ಸಲ ಹಾಕ್ತಾನೆ."

ವಿಶಾಲಾಕ್ಷಿ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಈ ಊರಿನಲ್ಲಿ ಮಂಡಕ್ಕಿಯನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳೂ ಹಿಡಿದವಳಲ್ಲ. ಸಂಜೆ ಕೇಂದ್ರದಿಂದ ಬಂದು ಒಂದು ಪ್ಲೇಟು ಮುಗಿಸಿ, ರಾತ್ರಿ "ಇವತ್ತು ಏನೂ ತಿಂದಿಲ್ಲ" ಎಂದು ಧಾರಾಳವಾಗಿ ಅನ್ನ ಬಡಿಸಿಕೊಂಡವಳೇ. ಗಾಳಿ ತುಂಬಿದ ಅಕ್ಕಿ ಅದು! ತೂಕ ಇಲ್ಲದ ಕಾರಣಕ್ಕೆ ಅಕ್ಕಿ ಅಕ್ಕಿಯಲ್ಲವೆಂದು ಆಗಿಬಿಡುತ್ತದೆಯೆ? ಉಬ್ಬಿದ ಕಾಳು ಹೊಟ್ಟೆಗೆ ಹೋದದ್ದೇ ತಡ ಕರಗಿ ಸಕ್ಕರೆಯಾಗಿ ರಕ್ತಕ್ಕೆ ನುಗ್ಗುತ್ತದೆ. ಬಾಯಿಗೆ ಸಿಹಿ ಗೊತ್ತಾಯಿತೋ ಬಿಟ್ಟಿತೋ, ರಕ್ತಕ್ಕೆ ಅದರಿಂದ ಆಗಬೇಕಾದದ್ದೇನಿಲ್ಲ.

ಹಾಗೆ ನುಗ್ಗಿದ ಸಕ್ಕರೆಯನ್ನು ಒಳಗೆ ಕರೆದುಕೊಳ್ಳಬೇಕಾದವು ಮೈಯ ಸ್ನಾಯುಗಳು. ಅವುಗಳ ಬಾಗಿಲು ತಟ್ಟಿ ತೆಗೆಸುವುದು ಇನ್ಸುಲಿನ್. ಹೊಟ್ಟೆಯ ಸುತ್ತ ಬೊಜ್ಜು ಕೂತು, ಮೈ ಕುರ್ಚಿ ಬಿಟ್ಟು ಏಳದೆ, ನಿದ್ದೆಯೂ ಕೆಟ್ಟರೆ ಬಾಗಿಲು ಬಿಗಿಯಾಗುತ್ತ ಹೋಗುತ್ತದೆ. ತಟ್ಟಿ ತಟ್ಟಿ ಮೇದೋಜೀರಕ ಗ್ರಂಥಿ ಸೋತು ಕೂರುತ್ತದೆ. ಅದಕ್ಕೇ ಸಕ್ಕರೆ ಕಾಯಿಲೆ ಎಂದು ಹೆಸರು. ನಡೆಯುವ ಕಾಲು, ಭಾರ ಎತ್ತುವ ತೋಳು ಆ ಬಾಗಿಲನ್ನು ತಾವೇ ಅಷ್ಟಿಷ್ಟು ತೆರೆದುಕೊಳ್ಳುತ್ತವೆ. ಇದೆಲ್ಲ ವಿಶಾಲಾಕ್ಷಿ ಓದಿದ್ದ ವಿಷಯವೇ. ಓದಿದ್ದು ಪರೀಕ್ಷೆಗೆ, ತಟ್ಟೆಗಲ್ಲ.

ಮರುದಿನ ಡಾಕ್ಟರಿಗೆ ಹೇಳಿದಳು. ಅವರು ನಕ್ಕರು. "ಇಷ್ಟು ದೊಡ್ಡ ಯೋಜನೆ ಸೋತದ್ದು ಮಂಡಕ್ಕಿಯಿಂದ ಅಂತ ಮೇಲಕ್ಕೆ ವರದಿ ಬರೆಯಲೇ?"

"ಬರೀರಿ. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ವಿ ಅಂತ ಸೇರಿಸಿ ಬರೀರಿ."

"ಹೋಳಿಯ ಮರುದಿನ ಹಾಜರಾಗಿ," ಎಂದಷ್ಟೇ ಹೇಳಿ ಅವರು ಹೊರಟರು.

ಮನೆಯಲ್ಲಿ ಇನ್ನೂ ಜೋರು. ಕೊಟ್ರೇಶ ಸಟ್ಟುಗ ಎಸೆದ. "ಊರೆಲ್ಲ ಬಿಟ್ಟು ನನ್ನ ಅಂಗಡಿಗೇ ಕಲ್ಲು ಹಾಕ್ತೀಯಲ್ಲೇ! ನಮ್ಮಪ್ಪ, ಅವರಪ್ಪ ಇದೇ ಮಂಡಕ್ಕಿ ತಿಂದು, ಇದೇ ಮಾರಿ ಬದುಕಿದೋರು. ಯಾರಿಗೆ ಏನಾಗಿತ್ತು?"

"ನಿಮ್ಮ ತಾತನ ಹತ್ರ ತಿಂದೋರು ಹತ್ತಿ ಮೂಟೆ ಹೊರ್ತಿದ್ರು ರೀ. ನಿಮ್ಮ ಹತ್ರ ತಿನ್ನೋರು ಬೆಂಚಿಂದ ಏಳಾಕೂ ಇನ್ನೊಬ್ರ ಕೈ ಹಿಡೀತಾರೆ. ನಾನು ಮಂಡಕ್ಕಿ ಬಿಡ್ರಿ ಅಂದ್ನೇನು? ಲೆಕ್ಕಕ್ಕೆ ಹಿಡೀರಿ ಅಂದೆ."

ಎರಡು ದಿನ ಗಂಡ ಹೆಂಡತಿಯ ನಡುವೆ ಮಾತಿಲ್ಲ. ಮೂರನೆಯ ದಿನ ಕೊಟ್ರೇಶ ಒಂದು ಕೆಲಸ ಮಾಡಿದ. ಯಾರಿಗೂ ಹೇಳದೆ ಎಂದಿನ ಒಂದು ಪ್ಲೇಟು ತಿಂದು ಕೂತು ತನ್ನ ಬಿಲ್ಲೆ ನೋಡಿಕೊಂಡ. ಮರುದಿನ ಅದೇ ಹೊತ್ತಿಗೆ ಒಂದೇ ಹಿಡಿ ಮಂಡಕ್ಕಿಗೆ ಮೂರು ಹಿಡಿ ಮೊಳಕೆ ಹೆಸರುಕಾಳು, ಶೇಂಗಾ, ಈರುಳ್ಳಿ, ಸೌತೆಕಾಯಿ ಕಲಸಿ, ನಿಂಬೆಹಣ್ಣು ಹಿಂಡಿ ತಿಂದು, ಓಣಿಯ ತುದಿಯ ತನಕ ಬಿರುಸಾಗಿ ನಡೆದು ಬಂದು ಮತ್ತೆ ನೋಡಿದ. ಗೂನು ಅರ್ಧಕ್ಕರ್ಧ ಇಳಿದಿತ್ತು. "ಥೂ ಇವಳ!" ಎಂದು ಒಬ್ಬನೇ ನಕ್ಕ. ಸೋತೆ ಎಂದು ಒಪ್ಪಿಕೊಳ್ಳುವ ಜಾತಿಯವನಲ್ಲ, ಆದರೆ ಮರುದಿನ ಅಂಗಡಿಯ ಬೆಂಚುಗಳೆಲ್ಲ ಹಿತ್ತಲು ಸೇರಿದವು, ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ "ಬೀಗ ತಪ್ಪಿಸೋ ಮಂಡಕ್ಕಿ" ಎಂದು ಬರೆಸಿದ. ಕೂರಲು ಜಾಗ ಕೇಳಿದವರಿಗೆ, "ತಿಂದು ನಡೀರಿ ಯಜಮಾನ್ರೆ. ಒಂದು ಸುತ್ತು ಹಾಕಿ ಬಂದ್ರೆ ಚಾ ಕೊಡ್ತೀನಿ, ಸಕ್ರೆ ಇಲ್ದಂಗೆ," ಎನ್ನುತ್ತಿದ್ದ. ಬೈದವರು ಬೈದರು. ಬೈದವರೂ ಮರುದಿನ ಬಂದರು.

ವಿಶಾಲಾಕ್ಷಿಯ ಹೋರಾಟ ಇಷ್ಟು ಸಲೀಸಾಗಿರಲಿಲ್ಲ. ಕೇಂದ್ರದಲ್ಲಿ ಮೇಜಿನ ಮೇಲೆ ಬೀಗಗಳ ಖಾಲಿ ಪೆಟ್ಟಿಗೆಗಳನ್ನೇ ಪೇರಿಸಿ, ಅದರ ಮೇಲೆ ಕೀಲಿಮಣೆ ಇಟ್ಟು, ನಿಂತೇ ಕೆಲಸ ಮಾಡತೊಡಗಿದಳು. "ಇದೇನ್ರೀ ಸಂತೆ?" ಎಂದು ಡಾಕ್ಟರು ಗದರಿದರೂ ಕುರ್ಚಿಗೆ ಮರಳಲಿಲ್ಲ. ಲಿಫ್ಟು ಬಿಟ್ಟಳು. ಊಟಕ್ಕೆ ಕೂತರೆ ಮೊದಲು ಸೊಪ್ಪು, ಕಾಳುಪಲ್ಯ, ಆಮೇಲೆ ಜೋಳದ ರೊಟ್ಟಿ, ಕೊನೆಗೆ ಒಂದು ಸೌಟು ಅನ್ನ. ಊಟವಾದ ಮೇಲೆ ಓಣಿಯಲ್ಲಿ ನಡಿಗೆ. ಬೆಳಗ್ಗೆ ಅಂಗಡಿಯ ಅಕ್ಕಿ ಚೀಲಗಳನ್ನು ತಾನೇ ಎತ್ತಿ ಇಡುತ್ತಿದ್ದಳು. ಸೊಂಟ ಹಿಡಿಯಿತು, ಕೊಟ್ರೇಶನೇ ಎಣ್ಣೆ ತಿಕ್ಕಿದ. ಇಷ್ಟಾದರೂ ಮೊದಲ ಸಲ ನೋಡಿದಾಗ ಅಂಕ ಅರವತ್ತೈದಕ್ಕೆ ಏರಿತ್ತು! ಚಿಂತೆಯಿಂದ ನಿದ್ದೆ ಹಾರಿಹೋಗಿತ್ತು, ನಿದ್ದೆಗೆಟ್ಟ ಮೈಯಲ್ಲಿ ಸಕ್ಕರೆ ಏರುತ್ತದೆ. ಅಂದಿನಿಂದ ಫೋನು ಅಡುಗೆಮನೆಯಲ್ಲೇ ಬಿಟ್ಟು ಹೊತ್ತಿಗೆ ಸರಿಯಾಗಿ ಮಲಗಿದಳು.

ನಡುವೆ ನಾದಿನಿಯ ಮಗಳ ಮದುವೆ ಬಂತು. ಬಿಸಿ ಹೋಳಿಗೆ, ಮೇಲೆ ತುಪ್ಪ. ಒಂದು ಎಂದು ಕೂತವಳು ನಾಲ್ಕು ತಿಂದು ಎದ್ದಳು. ಬಿಲ್ಲೆ ಬೊಬ್ಬೆ ಹೊಡೆಯಿತು. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ನನ್ ಹಣೇಬರದಾಗೇ ಬರೆದೈತಿ ಅತ್ತೆ. ಅಮ್ಮಂದೇ ರಕ್ತ ಇದು. ಹಾಕಲಿ ಬಿಡ್ರಿ ಬೀಗ."

ಹಾಲಮ್ಮ ಊರುಗೋಲು ಕುಟ್ಟಿದಳು. "ಥೂ, ಬಾಯಿ ಮುಚ್ಚು. ಅಮ್ಮನಿಂದ ಬಂದದ್ದು ಅರ್ಧ ಇರಬೌದು. ಉಳಿದರ್ಧ ಯಾರದು, ನೆರೆಮನೆಯೋರದಾ? ಮೊಮ್ಮಗಳ ಮದುವೆ ದಿನ ನಾಲ್ಕು ಹೋಳಿಗೆ ತಿಂದೆ, ಆಯ್ತು. ನಾಳೆ ರೊಟ್ಟಿ ತಿನ್ನು. ಬಿದ್ದೋರು ಏಳಬೇಕು, ಬಿದ್ದಲ್ಲೇ ಹಾಸಿಗೆ ಹಾಸಬಾರದು. ಏಳು, ನಡೆಯೋಣ. ನಾನೂ ಬರ್ತೀನಿ."

ಬೆರಳಿಲ್ಲದ ಕಾಲಿಗೆ ಮೆತ್ತನೆ ಚಪ್ಪಲಿ ಹಾಕಿಕೊಂಡು ಮುದುಕಿ ಅವತ್ತು ಹೊರಟದ್ದೇ, ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಜೊತೆಗೂಡಿದರು. ಸಂಜೆ ಐದರ ಹೊತ್ತಿಗೆ ಓಣಿಯಲ್ಲಿ ಜಾತ್ರೆ ಹೊರಟಂತೆ ನಡಿಗೆ, ಹರಟೆ, ಒಬ್ಬರ ಕಾಲು ಒಬ್ಬರು ಎಳೆಯುವುದು. ಹಾಲಮ್ಮ ಮಾತ್ರೆ ಬಿಡಲಿಲ್ಲ, ಸೂಜಿ ಬಿಡಲಿಲ್ಲ. ಆದರೆ ಸೂಜಿಯ ಪ್ರಮಾಣವನ್ನು ಆಸ್ಪತ್ರೆಯವರೇ ಒಂದಿಷ್ಟು ಇಳಿಸಿದರು.

ಶಿವರಾತ್ರಿ ಕಳೆಯುವ ಹೊತ್ತಿಗೆ ಪರದೆಯ ಮೇಲೆ ಒಂದು ವಿಚಿತ್ರ ಕಾಣಿಸಿತು. ಇಡೀ ಊರಿನ ಗೆರೆ ಐದಕ್ಕೆ ಎಂದಿನಂತೆ ಗೂನಾಗುತ್ತಿತ್ತು, ಒಂದು ಓಣಿಯದು ಮಾತ್ರ ತಗ್ಗಾಗಿ ಮಲಗಿತ್ತು. ವಿಶಾಲಾಕ್ಷಿ ಡಾಕ್ಟರನ್ನು ಕರೆದು ತೋರಿಸಿದಳು. ಅವರು ಬಿಲ್ಲೆಗಳು ಕೆಟ್ಟಿರಬಹುದೆಂದು ಪರೀಕ್ಷಿಸಿದರು, ಕೆಟ್ಟಿರಲಿಲ್ಲ. ಕಡೆಗೆ, "ಎರಡನೇ ಬೀಗದ ಆದೇಶ ಆಗಿಹೋಗಿದೆ ರೀ," ಎಂದರು. ಆ ದನಿಯಲ್ಲಿ ಹಳೆಯ ನಂಬಿಕೆ ಇರಲಿಲ್ಲ, ಆದರೆ ಧೈರ್ಯವೂ ಇರಲಿಲ್ಲ.

ಹೋಳಿಯ ಮರುದಿನ ವಿಶಾಲಾಕ್ಷಿ ಕೇಂದ್ರಕ್ಕೆ ಹೋದಳು. ಜೊತೆಗೆ ಹಾಲಮ್ಮನೂ ಹಟ ಹಿಡಿದು ಬಂದಳು. ಅವರಿಬ್ಬರ ಹಿಂದೆ, ಕೆನ್ನೆಯ ಮೇಲೆ ಇನ್ನೂ ಬಣ್ಣ ಉಳಿದಿದ್ದ ಅರ್ಧ ಓಣಿ. ಬೀಗ ಹಾಕುವ ಕೋಣೆಯಲ್ಲಿ ಎತ್ತರದ ಕುರ್ಚಿ, ಮೇಲೆ ಬಿಳಿ ದೀಪ. ಡಾಕ್ಟರೇ ಅವಳ ಬಿಲ್ಲೆ ಓದಿದರು. ವಿಶಾಲಾಕ್ಷಿ ಕಣ್ಣು ಮುಚ್ಚಿಕೊಂಡಿದ್ದಳು.

"ಐವತ್ತೇಳು," ಎಂದರು ಅವರು. ಮತ್ತೊಮ್ಮೆ ಓದಿ ನೋಡಿದರು. "ಐವತ್ತೇಳು. ನಿಮಗೆ ಬೀಗ ಇಲ್ಲ. ಅಭಿನಂದನೆ. ಮನೆಗೆ ಹೋಗಿ."

ಹೊರಗೆ ನಿಂತವರು ಹೋ ಎಂದು ಕೂಗಿದರು. ವಿಶಾಲಾಕ್ಷಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಷ್ಟರಲ್ಲಿ ಹಾಲಮ್ಮ ಊರುಗೋಲನ್ನು ಸೊಸೆಯ ಕೈಗೆ ಕೊಟ್ಟು, ಏದುಸಿರು ಬಿಡುತ್ತ ಆ ಎತ್ತರದ ಕುರ್ಚಿ ಹತ್ತಿ ಕೂತಳು. ಡಾಕ್ಟರ ಮುಖದ ಮುಂದೆ ನಾಲಿಗೆ ಉದ್ದಕ್ಕೆ ಚಾಚಿದಳು.

"ಏನಜ್ಜಿ ಇದು?"

"ತೆಗೀರಿ ನಂದು," ಎಂದಳು ಹಾಲಮ್ಮ.

"ನಿಮಗೆ ಕಾಯಿಲೆ ಬಂದಾಗಿದೆ ಅಜ್ಜಿ. ತೆಗೆದರೆ ನಾಳೆಯೇ ಬೆಲ್ಲದ ಡಬ್ಬಿಗೆ ಕೈ ಹಾಕ್ತೀರಿ."

"ಹಾಕಂಗಿಲ್ಲ. ನನ್ ಕಾಲು ನೋಡ್ರಿ, ಎರಡು ಬೆರಳು ಕೊಟ್ಟು ಕಲಿತೀನಿ ನಾನು. ಮಾತ್ರೆ ನುಂಗ್ತೀನಿ, ಸೂಜಿ ಚುಚ್ಚಿಸ್ಕಂತೀನಿ, ದಿನಾ ನಡೀತೀನಿ. ಬೆಲ್ಲ ಬ್ಯಾಡ ಅಂತ ನಾನು ಅನ್ನಬೇಕಪ್ಪ, ನನ್ನ ಬಾಯಿಂದ. ಬ್ಯಾಡ ಅನ್ನಾಕೆ ಅದು ಬೆಲ್ಲ ಅಂತ ನಂಗೆ ಗೊತ್ತಾಗಬೇಕಲ್ಲೇನು? ನೀವು ಬಾಯಿ ಕಟ್ಟಿ ಬಿಡಿಸಿದ್ರೆ ಅದರಾಗೆ ನಂದೇನೈತಿ? ಬಾಯಿಗೆ ಕುಕ್ಕೆ ಹಾಕಿದ ಎತ್ತು ಬೆಳೆ ತಿನ್ನಲಿಲ್ಲ ಅಂತ ಅದನ್ನ ಶ್ಯಾಣ್ಯಾ ಅಂತೀರೇನು?"

"ತೆಗೆಯೋ ಉಪಕರಣವೇ ಇಲ್ಲ ಅಜ್ಜಿ. ಹಾಕೋದು ಮಾತ್ರ ಕಳಿಸಿದ್ದಾರೆ," ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

"ಉಪಕರಣ ಯಾಕೆ ಸಾರ್," ಎಂದಳು ವಿಶಾಲಾಕ್ಷಿ. "ನಾಳೆ ಬೆಳಗ್ಗೆ ಸಂಕೇತ ಹೋಗದಿದ್ರೆ ಆಯ್ತು. ಒಪ್ಪಿಗೆ ಇರೋ ತನಕ ಮಾತ್ರ ಕಳಿಸಬೇಕು ಅಂತ ನಿಯಮದಾಗೆ ಐತಿ. ಒಪ್ಪಿಗೆ ಐತೇನು ಅಂತ ಇಷ್ಟು ದಿನ ನಾವು ಯಾರನ್ನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅತ್ತೆ, ನಿಮ್ಮ ಒಪ್ಪಿಗೆ ಐತಾ?"

"ಇಲ್ಲ!" ಎಂದಳು ಹಾಲಮ್ಮ, ಹೊರಗಿನ ಗೇಟಿಗೂ ಕೇಳುವಂತೆ.

"ವಿಶಾಲಾಕ್ಷಿಯವರೇ, ಯೋಚನೆ ಮಾಡಿ. ನೀವು ಗೆದ್ದಾಗಿದೆ. ಅಜ್ಜಿಯ ಹೆಸರನ್ನು ಸಂಕೇತದ ಪಟ್ಟಿಯಿಂದ ತೆಗೆದರೆ ನಾಳೆಯಿಂದ ಈ ಕೆಲಸ ನಿಮ್ಮದಾಗಿರೋದಿಲ್ಲ. ನಾನು ತಡೆಯೋಕಾಗಲ್ಲ."

"ಗೊತ್ತು ಸಾರ್. ಅದಕ್ಕೇ ಇವತ್ತೇ ಮಾಡ್ತಿದ್ದೀನಿ."

ಅವಳು ಪಕ್ಕದ ನಿಯಂತ್ರಣ ಕೋಣೆಗೆ ಹೋಗಿ, ಪೇರಿಸಿದ ಪೆಟ್ಟಿಗೆಗಳ ಮುಂದೆ ನಿಂತು, ಅತ್ತೆಯ ಹೆಸರು ಹುಡುಕಿ ತೆಗೆದುಹಾಕಿದಳು. ಪರದೆಯ ಮೇಲೆ ಬೀಗಕ್ಕೊಂದರಂತೆ ಉರಿಯುತ್ತಿದ್ದ ಸಾವಿರಾರು ಚುಕ್ಕೆಗಳಲ್ಲಿ ಒಂದು ಆರಿತು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ತಡೆಯಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ವಿಶಾಲಾಕ್ಷಿ ಅವರನ್ನು ದಾಟಿ ಹೊರಬಾಗಿಲಿಗೆ ಬಂದಳು. ತಮ್ಮ ಹೆಸರನ್ನೂ ತೆಗೆಸಲು ನಿಂತ ಬೀಗ ಬಿದ್ದವರ ಸಾಲು ಗೇಟು ದಾಟಿ ರಸ್ತೆಯವರೆಗೆ ಬೆಳೆದಿತ್ತು.

"ಮುಂದಿನವರು ಬರ್ರಿ," ಎಂದು ಕೂಗಿದಳು.